ಮೊದಲ ಕಾಯಿ ಹರಿಯುವ ತನಕ

ಫೆಬ್ರವರಿ ಹತ್ತೊಂಬತ್ತು, ಬೆಳಿಗ್ಗೆ ಆರೂಮುಕ್ಕಾಲು. ತೋಟದಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ನನ್ನ ತಂಗಿ. ಸ್ನಾನದ ನೀರು ಕಾಯಿಸುವ ಬಂಬಿನಿಂದ ಅವಳು ಬೂದಿ ಬಳಿದು ತಂದಿದ್ದಳು. ಸೌತೆಯ ಎಳೆ ಎಲೆಗಳಿಗೆ ಕೆಂಪು ಹುಳ ಬಿದ್ದಿತ್ತು. ಇಬ್ಬನಿ ಆರುವ ಮೊದಲೇ ಬೂದಿ ಉದುರಿಸಬೇಕು, ಆಗ ಎಲೆಗೆ ಅಂಟುತ್ತದೆ. ತಂಗಿ ಹಳೆಯ ಜರಡಿ ಹಿಡಿದು ಅಲ್ಲಾಡಿಸುತ್ತ ಹೋದಳು, ನಾನು ಹಿಂದಿನಿಂದ ಎಲೆಗಳನ್ನು ಮಗುಚಿ ನೋಡುತ್ತ ಹೋದೆ. ಒದ್ದೆ ಎಲೆಯ ಮೇಲೆ ಬೂದಿ ಬಿದ್ದಾಗ ಒಂದು ವಾಸನೆ ಬರುತ್ತದೆ. ಆರಿದ ಒಲೆಗೆ ನೀರು ಚಿಮುಕಿಸಿದ ಹಾಗೆ, ಅದರ ಬೆನ್ನಿಗೇ ಸೌತೆ ಬಳ್ಳಿಯ ಹಸಿ ವಾಸನೆ… ಪ್ರತಿ ವರ್ಷ ಈ ಕೆಲಸ ಮಾಡುತ್ತೇನೆ, ಪ್ರತಿ ವರ್ಷ ಆ ವಾಸನೆ ಬರುತ್ತದೆ. ಈ ವರ್ಷ ಬರೆದಿಡಬೇಕು ಅನ್ನಿಸಿತು.

ತಂಗಿ ತಿರುಗಿ ನೋಡದೆ ಕೇಳಿದಳು, "ಅಕಿ ನೆನಪಾದಳೇನ?"

ಹೌದು ಅಂದೆ. ಮುಂದಿನ ಸಾಲಿಗೆ ಹೋದೆವು.

ಪುಣೆಯ ಒಂದು ಆಸ್ಪತ್ರೆಯಲ್ಲಿ ನಾನು ಮೂವತ್ತೊಂದು ವರ್ಷ ನರ್ಸ್ ಆಗಿದ್ದೆ. ಅದರಲ್ಲಿ ಇಪ್ಪತ್ತೆರಡು ವರ್ಷ ಆಪರೇಷನ್ ಥಿಯೇಟರಿನಲ್ಲಿ. ನಿವೃತ್ತಿಯಾದ ಮೇಲೆ, 1998ರಲ್ಲಿ, ನಾನೂ ತಂಗಿಯೂ ಸೇರಿ ಭೋಸರಿ ದಾಟಿ ಆಳಂದಿ ರಸ್ತೆಯ ಪಕ್ಕ ಇಪ್ಪತ್ತು ಗುಂಟೆ ಜಮೀನು ತೆಗೆದುಕೊಂಡೆವು. ಒಂದು ಬಾವಿ, ಒಂದು ಪಂಪಿನ ಕೋಣೆ, ಎರಡು ಕೋಣೆಯ ಮನೆ. ಬೇಸಾಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ವೇಳೆಗೆ ಸರಿಯಾಗಿ ಏಳುವುದು, ವೇಳೆಗೆ ಸರಿಯಾಗಿ ಕೆಲಸ ಹಚ್ಚುವುದು. ಪಂಪಿನ ಕೋಣೆಯ ಗೋಡೆಗೆ ಒಂದು ಚೌಕ ಕಪ್ಪು ಬಣ್ಣ ಬಳಿಸಿ ಹಲಗೆ ಮಾಡಿಕೊಂಡೆ. ವಾರ್ಡಿನಲ್ಲಿ ಬರೆಯುತ್ತಿದ್ದ ಹಾಗೆ ದಿನದ ಕೆಲಸಗಳನ್ನು ಅದರ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದೆ. ಮುಗಿದದ್ದಕ್ಕೆ ಅಡ್ಡ ಗೆರೆ. ಮುಗಿಯದೆ ಉಳಿದದ್ದು ಮರುದಿನದ ಪಟ್ಟಿಗೆ. ಇದು ತೋಟ ಅಲ್ಲ, ವಾರ್ಡು ಎಂದು ತಂಗಿ ಆಡಿಕೊಳ್ಳುತ್ತಿದ್ದಳು.

ಬೇಸಾಯ ತಿಳಿದವಳು ಆ ವರ್ಷದ ಡಿಸೆಂಬರಿನಲ್ಲಿ ಬಂದಳು. ಸುರಪುರದ ಕಡೆಯವಳು. ವಯಸ್ಸು ನಲವತ್ತರ ಆಚೀಚೆ ಇರಬಹುದು, ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ. ಗಂಡ ಗವಂಡಿ, ರಾಂಜಣಗಾಂವದಲ್ಲಿ ಕಾರ್ಖಾನೆಯ ಶೆಡ್ಡುಗಳನ್ನು ಕಟ್ಟುತ್ತಿದ್ದ. ಅವನ ಹಿಂದೆ ಹನ್ನೆರಡು ವರ್ಷ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತಿದ್ದಳು. ಇನ್ನು ಹೊರುವುದಿಲ್ಲ ಎಂದು ಗಂಡನಿಗೆ ಹೇಳಿ, ಬಂದದ್ದರಲ್ಲಿ ಅರ್ಧ ಪಾಲಿನ ಮೇಲೆ ನಮ್ಮಲ್ಲಿ ತರಕಾರಿ ಬೆಳೆಯಲು ಒಪ್ಪಿಕೊಂಡಳು. ಆದ್ದರಿಂದ ನಮ್ಮ ಮನೆಯಲ್ಲಿ ಅವಳಿಗೆ ಪಾಲಿನಾಕೆ ಎಂದೇ ಹೆಸರು. ಗಂಡ ಒಂದು ಬೆಳೆಯ ಮಟ್ಟಿಗೆ ಹೂಂ ಅಂದಿದ್ದ. ಅದು ಕೈಹಿಡಿಯದಿದ್ದರೆ ತಿರುಗಿ ಬುಟ್ಟಿ. ಆ ಒಂದು ಬೆಳೆ, ಬೇಸಿಗೆಯ ಸೌತೆ.

ನನ್ನನ್ನು ಅವಳು ಸಿಸ್ಟರ್‌ಬಾಯಿ ಎನ್ನುತ್ತಿದ್ದಳು. ಭೋಸರಿಯ ಸಂತೆಯಲ್ಲಿ ಚುರುಕಾಗಿ ಮರಾಠಿಯಲ್ಲಿ ಚೌಕಾಸಿ ಮಾಡುವವಳು, ತೋಟದೊಳಗೆ ಕಾಲಿಟ್ಟ ಮೇಲೆ ಕನ್ನಡ ಬಿಟ್ಟರೆ ಬೇರೆ ಮಾತು ಆಡುತ್ತಿರಲಿಲ್ಲ. ಮಣ್ಣಿಗೆ ಕೂಡ ಕನ್ನಡದಲ್ಲೇ ಬೈಯುತ್ತಿದ್ದಳು.

ಜನವರಿ ಪೂರ್ತಿ ಕೆಲಸ ನಡೆಯಿತು. ಜಮೀನಿಗೆ ಎರಡು ಸಲ ನೇಗಿಲು ಹೊಡೆಸಿದೆವು. ಹೆಂಟೆ ಒಡೆದೆವು. ಆಳಂದಿ ಕಡೆಯ ಒಂದು ದನದ ಗೋಠದಿಂದ ಕೊಟ್ಟಿಗೆ ಗೊಬ್ಬರ ತರಿಸಿ ರಾಶಿ ಹಾಕಿದೆವು. ನೂರಿಪ್ಪತ್ತು ಗುಣಿಗಳು, ಒಂದರಿಂದ ಇನ್ನೊಂದಕ್ಕೆ ಮೂರು ಮೊಳ. ನಾನು ದಾರ ಕಟ್ಟಿ ಸಾಲು ನೇರ ಮಾಡಲು ಹೋದರೆ ಅವಳು ಸೊಂಟಕ್ಕೆ ಕೈಯಿಟ್ಟು ನಿಂತು ನೋಡುತ್ತಿದ್ದಳು. ಬಳ್ಳಿ ಏನು ಪೊಲೀಸ್ ಭರ್ತಿಗೆ ಬಂದದೇನ್ರಿ ಎಂದು ಕೇಳಿದಳು ಒಮ್ಮೆ. ಆದರೂ ನನ್ನ ದಾರದ ಮೇಲೆಯೇ ಗುಣಿ ತೋಡಿದಳು.

ಜನವರಿ ಇಪ್ಪತ್ತೆಂಟರಂದು ಬೀಜ ಹಾಕಿದೆವು. ಹಾಕಿದೆವು ಅನ್ನುವುದು ತಪ್ಪು, ಹಾಕಿದವಳು ಅವಳೊಬ್ಬಳೇ. ರಾತ್ರಿಯಿಡೀ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಬೀಜಗಳನ್ನು ಸೆರಗಿನ ಉಡಿಯಲ್ಲಿ ಹಾಕಿಕೊಂಡು, ಒಂದೊಂದು ಗುಣಿಗೆ ಮೂರರಂತೆ, ಬೀಜ ಅಡ್ಡ ಮಲಗದ ಹಾಗೆ ಚೂಪು ತುದಿ ಕೆಳಗೆ ಮಾಡಿ ಊರುತ್ತ ಹೋದಳು. ನಾನು ನಾಲ್ಕು ಬೀಜ ಕೈಗೆ ತೆಗೆದುಕೊಂಡಾಗ ಬೇಡ ಎಂದು ತಿರುಗಿ ಇಸಿದುಕೊಂಡಳು. ಅವಳ ಅತ್ತೆಯ ಮನೆಯಲ್ಲಿ ಒಂದು ಪದ್ಧತಿ. ಬಳ್ಳಿ ತರಕಾರಿಯ ಬೀಜ ಊರಿದ ಕೈಯೇ ಮೊದಲ ಕಾಯಿಯನ್ನೂ ಹರಿಯಬೇಕು. ಅಲ್ಲಿಯ ತನಕ ಆ ಕೈ ಹೊಲ ಬಿಟ್ಟು ಒಂದು ರಾತ್ರಿಯೂ ಬೇರೆ ಊರಲ್ಲಿ ಉಳಿಯಬಾರದು. ನಡುವೆ ಕೈ ಬದಲಾದರೆ ಹೂವು ನಿಲ್ಲುವುದಿಲ್ಲ.

ನನಗೆ ಅದು ಮೂಢನಂಬಿಕೆ ಅನ್ನಿಸಲಿಲ್ಲ. ಇದನ್ನು ಸರಿಯಾಗಿ ಹೇಳಬೇಕು. ನನ್ನ ಥಿಯೇಟರಿನಲ್ಲಿಯೂ ಅಂಥದೇ ನಿಯಮವಿತ್ತು. ಹೊಟ್ಟೆ ತೆರೆಯುವ ಮೊದಲು ಅರಿವೆಯ ತುಂಡುಗಳನ್ನು ಎಣಿಸಿದ ನರ್ಸೇ ಹೊಟ್ಟೆ ಮುಚ್ಚುವ ಮೊದಲು ಮತ್ತೆ ಎಣಿಸಬೇಕು. ನಡುವೆ ಕೈ ಬದಲಾಗಬಾರದು. ಇಪ್ಪತ್ತೆರಡು ವರ್ಷ ನಾನು ಅದನ್ನು ಪಾಲಿಸಿದ್ದೆ, ಕಿರಿಯರಿಂದ ಪಾಲನೆ ಮಾಡಿಸಿದ್ದೆ. ಜ್ವರ ಬಂದಾಗಲೂ ನಡುವೆ ಎದ್ದು ಹೋದವಳಲ್ಲ. ಹಾಗಾಗಿ ಅವಳ ಮಾತು ನನಗೆ ಹಿಡಿಸಿತು. ಶುರು ಮಾಡಿದವಳೇ ಮುಗಿಸಬೇಕು, ಸರಿ ತಾನೇ.

ಎರಡು ದಿನದ ನಂತರ, ಜನವರಿ ಮೂವತ್ತು. ನೀರಿನ ಕೊಡವನ್ನು ಅವಳು ಯಾವಾಗಲೂ ಎಡ ಸೊಂಟದ ಮೇಲೆ ಇಟ್ಟುಕೊಳ್ಳುತ್ತಿದ್ದವಳು ಬಲಕ್ಕೆ ಇಟ್ಟುಕೊಂಡದ್ದು ಕಣ್ಣಿಗೆ ಬಿತ್ತು. ಎಡಗೈಯನ್ನು ಪಕ್ಕೆಗೆ ಒತ್ತಿ ಹಿಡಿದು ನಡೆಯುತ್ತಿದ್ದಳು. ಕೇಳಿದೆ. ಏನಿಲ್ಲ ಅಂದಳು. ಪಂಪಿನ ಕೋಣೆಗೆ ಕರೆದು ಕದ ಹಾಕಿ, ಕುಪ್ಪಸ ಸಡಿಲಿಸಲು ಹೇಳಿ ನೋಡಿದೆ. ಎಡ ಮೊಲೆಯ ಮೇಲ್ಭಾಗ, ಕಂಕುಳಿನ ಹತ್ತಿರ. ಮೂರು ಬೆರಳಿಟ್ಟು ಒತ್ತಿದೆ. ಒಂದು ಗಡ್ಡೆ. ಹುಣಸೆ ಬೀಜಕ್ಕಿಂತ ದೊಡ್ಡದು, ಗಟ್ಟಿ, ಸರಿಸಿದರೆ ಸರಿಯುತ್ತಿರಲಿಲ್ಲ. ನೋವಿಲ್ಲ ಅಂದಳು. ನೋವಿಲ್ಲದ್ದೇ ಕೆಟ್ಟದ್ದು ಎಂದು ನನಗೆ ಗೊತ್ತಿತ್ತು.

ನಾಳೆಯೇ ಆಸ್ಪತ್ರೆಗೆ ಹೋಗೋಣ ಅಂದೆ. ಅವಳು ಗುಂಡಿ ಹಾಕಿಕೊಳ್ಳುತ್ತ ತಲೆ ಅಲ್ಲಾಡಿಸಿದಳು.

"ಹೋದ್ರ ಅಲ್ಲೇ ಇಟಗೋತಾರ್ರಿ ನನ್ನ. ಬೀಜ ಊರಿ ಮೂರು ದಿನ ಆಗಿಲ್ಲ. ಮೊದಲ ಕಾಯಿ ಹರದ ಮ್ಯಾಲ ನೀವು ಎಲ್ಲಿ ಕರಿತೀರಿ ಅಲ್ಲಿ ಬರ್ತೀನಿ. ನನ್ನ ಗಂಡಗ ಹೇಳಬ್ಯಾಡ್ರಿ ಮತ್ತ. ಹೇಳಿದ್ರ ಇವತ್ತೇ ಗಂಟು ಕಟ್ಟಸ್ತಾನ."

ಹೇಳುವುದಿಲ್ಲ ಅಂದೆ. ಎಷ್ಟು ದಿನ ಎಂದು ಕೇಳಿದೆ. ನಲವತ್ತೆಂಟು ಅಂದಳು. ನಾನು ಬೆರಳು ಮಡಿಸಿ ಎಣಿಸಿದೆ. ಮಾರ್ಚ್ ಹದಿನೇಳು. ಹಲಗೆಯ ಕೆಳಗಿನ ಮೂಲೆಯಲ್ಲಿ ಬರೆದೆ: ಮಾರ್ಚ್ 17 ಕಾಯಿ, ಮಾರ್ಚ್ 18 ಆಸ್ಪತ್ರೆ. ಬರೆದ ಮೇಲೆ ಸಮಾಧಾನವಾಯಿತು. ಬರೆದ ಕೆಲಸ ನನ್ನ ಕೈಯಲ್ಲಿ ಯಾವತ್ತೂ ಬಾಕಿ ಉಳಿದಿರಲಿಲ್ಲ.

ಮೊಳಕೆಗಳು ಚೆನ್ನಾಗಿ ಎದ್ದವು. ಪ್ರತಿ ಗುಣಿಯಲ್ಲಿ ಮೂರರಲ್ಲಿ ಒಂದನ್ನು ಉಳಿಸಿ ಉಳಿದವನ್ನು ಕೀಳಬೇಕು. ಕಿತ್ತದ್ದನ್ನು ಅವಳು ಬಿಸಾಡದೆ ಬದುವಿನ ಉದ್ದಕ್ಕೂ ನೆಟ್ಟಳು. ಅವು ಬದುಕುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಆದರೂ ನೆಟ್ಟಳು. ಫೆಬ್ರವರಿ ಹತ್ತರ ಬೆಳಿಗ್ಗೆ ನೋಡಿದರೆ ಕೆಂಪು ಹುಳ. ಒಂದೇ ರಾತ್ರಿಯಲ್ಲಿ ಎಲೆ ತಿಂದು ದಂಟು ಉಳಿಸಿದ್ದವು. ನೂರಿಪ್ಪತ್ತರಲ್ಲಿ ಹಸಿರು ಉಳಿದದ್ದು ಹನ್ನೊಂದು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಉಳಿದ ಬೀಜ ತಂದು ನೆನೆಹಾಕಿದಳು. ಮರುದಿನ ಅದೇ ಗುಣಿಗಳಲ್ಲಿ ಮತ್ತೆ ಊರಿದಳು. ಆಗಲೇ ಬೂದಿಯ ಉಪಾಯ ನಮ್ಮ ತೋಟಕ್ಕೆ ಬಂದದ್ದು. ಉಳಿದ ಹನ್ನೊಂದು ಬಳ್ಳಿಯಲ್ಲಿ ಮೊದಲು ಬಂದ ಕಾಯಿ ಲೆಕ್ಕಕ್ಕೆ ಬರುವುದಿಲ್ಲವೇ ಎಂದು ನಾನು ಕೇಳಿದೆ. ಅವುಗಳ ಬೇರನ್ನೂ ಹುಳ ಕಡಿದಿದೆ, ಕಾಯಿ ಬಿಡುವುದಿಲ್ಲ ಅಂದಳು. ಹಾಗೆಯೇ ಆಯಿತು, ವಾರದೊಳಗೆ ಅವೂ ಬಾಡಿದವು.

ನಾನು ಹಲಗೆಯ ಮೂಲೆ ಒರೆಸಿ ಬರೆದೆ. ಮಾರ್ಚ್ 31 ಕಾಯಿ, ಏಪ್ರಿಲ್ 1 ಆಸ್ಪತ್ರೆ.

ಬರೆಯುವಾಗ ನನ್ನ ಕೈ ತಡೆಯಲಿಲ್ಲ. ಒಂದು ಕೆಲಸ ಹಿಂದೆ ಬಿದ್ದರೆ ಅದಕ್ಕೆ ಕಟ್ಟಿದ ಇನ್ನೊಂದು ಕೆಲಸವೂ ಹಿಂದೆ ಬೀಳುತ್ತದೆ. ಅಷ್ಟೇ ಅಂದುಕೊಂಡೆ ಅಂತ ಕಾಣುತ್ತದೆ… ಆಗ ಏನು ಅಂದುಕೊಂಡೆ ಎಂದು ಈಗ ನೆನಪಿಸಿಕೊಳ್ಳಲು ನೋಡಿದರೆ ಏನೂ ಸಿಗುವುದಿಲ್ಲ.

ಆಮೇಲೆ ಹಂದರದ ಕೆಲಸ. ಬಿದಿರು ನೆಟ್ಟು ತಂತಿ ಎಳೆದು ಬಳ್ಳಿ ಹಬ್ಬಿಸಬೇಕು. ತಲೆಯ ಮೇಲೆ ಕೈ ಎತ್ತುವ ಕೆಲಸವೆಲ್ಲ ನಾನು ಮಾಡಿದೆ, ಅವಳು ಕೆಳಗೆ ಕೂತು ದಾರ ಕಟ್ಟಿದಳು. ಕಳೆ ತೆಗೆದೆವು. ಗುಣಿಗೆ ಇನ್ನೊಂದು ಸಲ ಗೊಬ್ಬರ ಕೊಟ್ಟೆವು. ಮಾರ್ಚ್ ಮೊದಲ ವಾರ ಮುಗಿಯುವಷ್ಟರಲ್ಲಿ ಹಂದರ ತುಂಬ ಹಳದಿ ಹೂವು. ನಾನು ಎಣಿಸುತ್ತ ಹೋದೆ. ಎಲ್ಲ ಹೂವೂ ಒಂದೆರಡು ದಿನ ಇದ್ದು ಉದುರುತ್ತಿದ್ದವು. ಒಂದರ ಬುಡದಲ್ಲೂ ಪಿಂದೆ ಇಲ್ಲ. ಕೈ ಕೆಟ್ಟಿತೇ ಎಂದು ನಾನೇ ಕೇಳಿದೆ. ಆ ಬೇಸಿಗೆಯಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

"ಇವೆಲ್ಲಾ ಗಂಡು ಹೂ ರೀ ಸಿಸ್ಟರ್‌ಬಾಯಿ. ಗಂಡಸ್ರು ಮೊದಲು ಬಂದು ಕಟ್ಟಿ ಮ್ಯಾಲ ಕುಂತು ಬೀಡಿ ಸೇದಿ ಹೋಗ್ತಾರ. ಕೆಲಸ ಮಾಡಾಕಿ ಹಿಂದಿಂದ ಬರ್ತಾಳ, ಗದ್ಲ ಇಲ್ದ."

ತಂಗಿ ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಭಾನುವಾರ ಗಂಡ ರಾಂಜಣಗಾಂವದಿಂದ ಬಂದಾಗ, ಅವನ ಎದುರಿಗೇ ಗಂಡು ಹೂವಿನ ಮಾತನ್ನು ತಂಗಿ ಮತ್ತೆ ಹೇಳಿಸಿದಳು. ಅವನೂ ನಕ್ಕ. ಒಳ್ಳೆಯ ಮನುಷ್ಯ. ಹಂದರವನ್ನು ಒಂದು ಸುತ್ತು ನೋಡಿ, ಬಿದಿರು ಅಲ್ಲಾಡಿಸಿ, ಗಟ್ಟಿ ನಿಂತಿದೆ ಅಂದ. ಹೆಂಡತಿ ಯಾಕೆ ಸೊರಗಿದ್ದಾಳೆ ಎಂದು ನನ್ನನ್ನು ಕೇಳಿದ. ಬಿಸಿಲು ಅಂದೆ. ಕೊಟ್ಟ ಮಾತು ಉಳಿಸಿಕೊಂಡೆ.

ಹೆಣ್ಣು ಹೂವು ಬಂದವು. ಬುಡದಲ್ಲಿ ಬೆರಳಿನ ಉಗುರಿನಷ್ಟು ಪಿಂದೆ. ಅದೇ ವಾರ ಪಂಪಿನ ಮೋಟಾರು ಸುಟ್ಟಿತು. ಕರೆಂಟು ಬಂದು ಹೋಗಿ ಮಾಡುತ್ತಿದ್ದ ಕಾಲ ಅದು. ಮೋಟಾರನ್ನು ಭೋಸರಿಗೆ ಒಯ್ದು ತಂತಿ ಸುತ್ತಿಸಿ ತರಲು ನಾಲ್ಕು ದಿನ ಹಿಡಿಯಿತು. ನಾಲ್ಕು ದಿನವೂ ಬಾವಿಯಿಂದ ಹಗ್ಗ ಹಾಕಿ ಸೇದಿ, ಬೆಳಿಗ್ಗೆ ಐದರಿಂದ ಒಂಬತ್ತು, ಸಂಜೆ ನಾಲ್ಕರಿಂದ ಏಳು, ಮೂವರೂ ಕೊಡದಲ್ಲಿ ನೀರು ಹೊತ್ತೆವು. ಅವಳಿಗೆ ಬೇಡ ಅಂದೆ. ಕೇಳಲಿಲ್ಲ. ಎಡಗೈ ಊದಿತ್ತು, ಬಳೆ ಮೊಣಕೈಯ ಕಡೆ ಸರಿಯುತ್ತಿರಲಿಲ್ಲ. ಸೋಪಿನ ನೊರೆ ಹಚ್ಚಿ ಬಳೆಗಳನ್ನು ನಾನೇ ತೆಗೆದೆ. ಗಾಜಿನವು, ಹಸಿರು. ಒಂದೂ ಒಡೆಯದ ಹಾಗೆ ತೆಗೆದು ಅವಳ ಕೈಗೆ ಕೊಟ್ಟೆ. ಕೈ ಯಾಕೆ ಊದಿದೆ ಎಂದು ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.

ಎರಡನೇ ಸಲ ನಾನು ಮುಟ್ಟಿ ನೋಡಲಿಲ್ಲ. ಜನವರಿ ಮೂವತ್ತರ ನಂತರ ಒಮ್ಮೆಯೂ ನೋಡಲಿಲ್ಲ. ಪಂಪಿನ ಕೋಣೆ ಅಲ್ಲೇ ಇತ್ತು, ಕದ ಹಾಕಿದರೆ ಎರಡು ನಿಮಿಷದ ಕೆಲಸ. ನೋಡಿದ್ದರೆ ತಿಳಿಯುತ್ತಿತ್ತು. ತಿಳಿದಿದ್ದರೆ ಹಂದರದ ಕೆಳಗಿಂದ ಅವಳನ್ನು ಎಬ್ಬಿಸಬೇಕಾಗುತ್ತಿತ್ತು.

ನೀರು ಸಾಲದೆ ಮೊದಲ ಪಿಂದೆಗಳು ಹಳದಿಯಾಗಿ ಉದುರಿದವು. ನಾನು ಮತ್ತೆ ಹಲಗೆ ಒರೆಸಿ ಮೂರನೆಯ ಸಲ ದಿನ ಬರೆದೆ. ಏಪ್ರಿಲ್ 7, ಏಪ್ರಿಲ್ 8.

ಅಂದು ತಂಗಿ ನನ್ನ ಹಿಂದೆ ಬಂದು ನಿಂತಿದ್ದಳು. ಆ ಮೂಲೆಯ ಬರಹದ ಅರ್ಥವನ್ನು ನಾನು ಅವಳಿಗೂ ಹೇಳಿರಲಿಲ್ಲ. ಆದರೆ ಅಷ್ಟು ದಿನದಲ್ಲಿ ಅವಳು ತಿಳಿದುಕೊಂಡಿದ್ದಳು. "ಎಷ್ಟನೇ ಸಲ ಅಳಸಾಕತ್ತಿ ನೀನು?" ಎಂದಷ್ಟೇ ಕೇಳಿದಳು. ಮೋಟಾರು ಸುಟ್ಟದ್ದು ನನ್ನ ತಪ್ಪೇ ಎಂದು ನಾನು ತಿರುಗಿ ಕೇಳಿದೆ. ಅವಳು ಒಳಗೆ ಹೋದಳು.

ಏಪ್ರಿಲ್ ಏಳು ತಪ್ಪಲಿಲ್ಲ. ಬೆಳಿಗ್ಗೆ ಆರಕ್ಕೆ ಪಾಲಿನಾಕೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಹಂದರದ ಮೂಡಣ ತುದಿಯಲ್ಲಿ ಒಂದು ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿದಳು. ಮೂರನೆಯ ಸಾಲಿನಲ್ಲಿ ಎಲೆಯ ಮರೆಗೆ ಒಂದು ಕಾಯಿ ಗೇಣುದ್ದ ಬೆಳೆದಿತ್ತು. ಮೈಮೇಲೆ ಮುಳ್ಳಿನಂಥ ಸಣ್ಣ ರೋಮ, ತುದಿಯಲ್ಲಿ ಒಣಗಿದ ಹೂವು ಇನ್ನೂ ಅಂಟಿಕೊಂಡಿತ್ತು. ಎಡಗೈ ಮೇಲಕ್ಕೆ ಬರುತ್ತಿರಲಿಲ್ಲ. ಬಲಗೈಯಿಂದ ತೊಟ್ಟು ತಿರುವಿ ಹರಿದಳು. ಕಲ್ಲಿನ ಮುಂದೆ ಇಟ್ಟು ಕೈ ಮುಗಿದಳು. ಆಮೇಲೆ ಕುಡುಗೋಲಿನಿಂದ ತುದಿ ಕೊಯ್ದು, ಕಹಿ ಹೋಗುವ ಹಾಗೆ ತಿಕ್ಕಿ ನೊರೆ ತೆಗೆದು, ಮೂರು ಹೋಳು ಮಾಡಿದಳು. ನನಗೊಂದು, ತಂಗಿಗೊಂದು, ಅವಳಿಗೊಂದು. ನಿಂತೇ ತಿಂದೆವು. ರುಚಿ ಹೇಗಿತ್ತು ಎಂದು ನೆನಪಿಲ್ಲ.

"ಇನ್ನ ಯಾರ ಕೈಯಾದ್ರೂ ನಡೀತದ್ರಿ" ಅಂದಳು.

ಅಂದು ಒಟ್ಟು ಮೂವತ್ತಾರು ಕಾಯಿ ಸಿಕ್ಕವು. ಮರುದಿನ ಬೆಳಿಗ್ಗೆ ಏಳೂ ಹತ್ತರ ಬಸ್ಸಿಗೆ ಇಬ್ಬರೂ ಪುಣೆಗೆ ಹೊರಟೆವು. ಹೋಗುವಾಗ ಬದುವಿನ ಮೇಲೆ ನಿಂತು ತಿರುಗಿ ನೋಡಿದಳು, ಐದನೇ ಸಾಲಿಗೆ ನೀರು ಕಡಿಮೆ ಬಿದ್ದಿದೆ ಎಂದು ತಂಗಿಗೆ ಕೂಗಿ ಹೇಳಿದಳು.

ನಾನು ಕೆಲಸ ಮಾಡಿದ ಆಸ್ಪತ್ರೆಯೇ, ನಾನು ಹದಿನಾಲ್ಕು ವರ್ಷ ಪಕ್ಕದಲ್ಲಿ ನಿಂತು ಉಪಕರಣ ಕೊಟ್ಟ ಡಾಕ್ಟರೇ. ಅವಳನ್ನು ನೋಡಿ, ಪರದೆಯ ಈಚೆ ಬಂದು, ಕೈ ತೊಳೆದುಕೊಂಡು, ಇದು ಮೊದಲು ಯಾರ ಗಮನಕ್ಕೆ ಬಂತು ಎಂದು ಮರಾಠಿಯಲ್ಲಿ ಕೇಳಿದರು. ನನ್ನ ಗಮನಕ್ಕೆ ಅಂದೆ. ಯಾವಾಗ ಎಂದು ಕೇಳಿದರು. ಜನವರಿ ಮೂವತ್ತು, ಇವತ್ತಿಗೆ ಅರವತ್ತೆಂಟು ದಿನ ಅಂದೆ. ಅವರು ನನ್ನ ಕಡೆ ನೋಡಿದರು. ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ನಿಂತರು.

ಶಸ್ತ್ರಚಿಕಿತ್ಸೆ ಆಯಿತು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಂಕುಳಿಗೆ ಹಬ್ಬಿತ್ತು, ಅದರ ಆಚೆಗೂ ಹಬ್ಬಿತ್ತು. ಗಂಡನನ್ನು ಕರೆಸಿ ನಾನೇ ತಿಳಿಸಿದೆ. ಅವನು ಕೇಳಿಸಿಕೊಂಡು, ಬಿಸಿಲು ಅಂದಿದ್ದಿರಿ ಅಂದ.

ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ. ಹೋದಾಗಲೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ, ಇವತ್ತು ಎಷ್ಟು ಹರಿದಿರಿ ಎಂದು. ಎರಡು ಬುಟ್ಟಿ, ಮೂರು ಬುಟ್ಟಿ ಎಂದು ಹೇಳುತ್ತಿದ್ದೆ. ಅದು ಸುಳ್ಳಲ್ಲ. ಆ ಬೇಸಿಗೆ ಬಳ್ಳಿ ಆರು ವಾರ ಕಾಯಿ ಬಿಟ್ಟಿತು. ಬೆಳೆ ಕೈಹಿಡಿಯಿತು. ಹರಿದವರು ನಾನು ಮತ್ತು ತಂಗಿ.

ಒಂದು ಮಧ್ಯಾಹ್ನ ಹಾಸಿಗೆಯ ಪಕ್ಕ ಕೂತಿದ್ದಾಗ ನನ್ನ ಬಾಯಿಂದ ಬಂತು. ಆವತ್ತೇ ನಿನ್ನನ್ನು ಇಲ್ಲಿಗೆ ಕರೆದುಕೊಂಡು ಬರಬೇಕಿತ್ತು ಎಂದು. ಅವಳು ಹೊದಿಕೆಯ ಅಂಚನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದಳು. ಸಿಟ್ಟಿನಿಂದ ಹೇಳಲಿಲ್ಲ. ಐದನೇ ಸಾಲಿಗೆ ನೀರು ಕಡಿಮೆ ಎಂದು ಹೇಳಿದ ಹಾಗೆಯೇ ಹೇಳಿದಳು.

"ನಾ ಒಲ್ಲೆ ಅಂದಿದ್ದು ಖರೆ ಅದ ರೀ. ಆದ್ರ ನೀವು ದವಾಖಾನಿ ಮಂದಿ, ನಿಮಗ ಗೊತ್ತಿತ್ತು. ಗಟ್ಟಿ ಹೇಳಿದ್ರ ಬರ್ತಿದ್ದೆ ನಾ."

ನಾನು ಹೂಂ ಅಂದೆ. ನಾಲ್ಕು ಗಂಟೆಗೆ ಭೇಟಿಯ ವೇಳೆ ಮುಗಿಯುತ್ತಿತ್ತು, ಎದ್ದು ಬಂದೆ.

ಮಳೆ ಶುರುವಾಗುವ ಮುಂಚೆ ಗಂಡ ಅವಳನ್ನು ಊರಿಗೆ ಕರೆದುಕೊಂಡು ಹೋದ. ದಸರೆಯ ಸಮಯದಲ್ಲಿ ಅವನ ಜೊತೆಯ ಗವಂಡಿಯೊಬ್ಬ ತೋಟಕ್ಕೆ ಬಂದು ಸುದ್ದಿ ಹೇಳಿದ. ಚಹಾ ಕೊಟ್ಟೆವು. ಕುಡಿದು ಹೋದ.

ಅವಳ ಮುಖ ಈಗ ಸರಿಯಾಗಿ ನೆನಪಾಗುವುದಿಲ್ಲ. ಮೂಗುತಿ ಇತ್ತೇ ಇಲ್ಲವೇ ಎಂಬ ಬಗ್ಗೆ ನನಗೂ ತಂಗಿಗೂ ಒಮ್ಮತವಿಲ್ಲ. ಫೋಟೋ ಇಲ್ಲ. ಮೂರು ಬೆರಳಿನ ಕೆಳಗೆ ಸಿಕ್ಕ ಆ ಗಡ್ಡೆ ಮಾತ್ರ ಎಷ್ಟು ದಪ್ಪ, ಎಷ್ಟು ಆಳ, ಯಾವ ಕಡೆಗೆ ವಾಲಿತ್ತು ಎಂದು ಈಗಲೂ ಹೇಳಬಲ್ಲೆ. ಜನ ಸತ್ತವರಿಗಾಗಿ ಅಳುತ್ತಾರೆ. ನನಗೆ ಅಳು ಬರಲಿಲ್ಲ, ಇಷ್ಟು ವರ್ಷದಲ್ಲಿಯೂ ಬಂದಿಲ್ಲ. ಅವಳು ಹೋದಳು, ಹೋಗಲು ನಾನು ದಿನ ಗೊತ್ತು ಮಾಡುತ್ತ ಬಂದೆ, ಮೂರು ಸಲ. ಇಷ್ಟನ್ನು ನಾನು ಯಾರಿಗೂ ಹೇಳಿರಲಿಲ್ಲ.

ಇವತ್ತು ಮಧ್ಯಾಹ್ನದ ತನಕ ಇದನ್ನು ಬರೆದೆ. ಮೂರೂವರೆಗೆ ಮತ್ತೆ ತೋಟಕ್ಕೆ ಇಳಿದೆ. ಬೆಂಡೆಯ ಸಾಲುಗಳಲ್ಲಿ ಹುಲ್ಲು ಎದ್ದಿತ್ತು, ಎರಡು ಸಾಲು ನಾನು ತೆಗೆದೆ, ಎರಡು ತಂಗಿ ತೆಗೆದಳು. ತೆಗೆದ ಹುಲ್ಲನ್ನು ಬೇಲಿಯಾಚೆಯ ಎಮ್ಮೆಗೆ ಹಾಕಿ ಬಂದೆ. ಐದೂ ಐವತ್ತಕ್ಕೆ ಕೆಲಸ ಮುಗಿಯಿತು.